ಮೂವತ್ತಾರು ಮಿಲಿಮೀಟರ್ ಬೇಲಿ

ಬೆಳಕು ಜಾಸ್ತಿಯಾಗಿದೆ, ಆ ತಿರುವಿನಲ್ಲಿ ಇಷ್ಟು ಬೆಳಕು ಇರಬಾರದು, ಮಾದರಿಗೆ ಹೊದಿಸಿದ್ದ ಬಟ್ಟೆಯನ್ನು ಅರ್ಧ ಎತ್ತಿದವಳು ಹಾಗೇ ನಿಂತಿದ್ದೇನೆ, ಚರ್ಚಿನ ಪ್ಯಾರಿಷ್ ಹಾಲ್‌ನ ಮೇಲಿನ ಕಿಟಕಿಯಿಂದ ಬಿಸಿಲು ನೇರವಾಗಿ ಹಳಿಗಳ ಮೇಲೆ ಬಿದ್ದು ಹೊಳೆಯುತ್ತಿದೆ, ಇಲ್ಲಿಂದ ಹಳಿ ಕಾಣಲೇಬಾರದು, ಇಲ್ಲಿಂದ ಬೇಲಿ ಮಾತ್ರ ಕಾಣಬೇಕು, ನನ್ನ ಬೇಲಿ ಎಲ್ಲಿ — ಇದೆ, ಇದೆ, ಅರ್ಧಕ್ಕೂ ಕಡಿಮೆ ಎತ್ತರಕ್ಕೆ ಇದೆ, ಯಾರೋ ಕುರಿಯ ಉಣ್ಣೆ ಕತ್ತರಿಸಿದ ಹಾಗೆ ಕತ್ತರಿಸಿ ಬೋಳು ಮಾಡಿದ್ದಾರೆ, ಯಾರೋ ಏನು ಯಾರೋ, ಆ ಗ್ರೇಲಿಯೇ, ನಮ್ಮ ಮಾದರಿ ರೈಲು ಸಂಘದ ಅಧ್ಯಕ್ಷ ಡರ್ಮಟ್ ಗ್ರೇಲಿ, ನಿವೃತ್ತ ಮೇಷ್ಟ್ರು, ಅಗೋ ಬಾಗಿಲ ಹತ್ತಿರ ಸ್ಯಾಂಡ್‌ವಿಚ್ ತಟ್ಟೆ ಜೋಡಿಸುತ್ತ ನಿಂತಿದ್ದಾನೆ, ಜೇಬಿನಿಂದ ಉಗುರು ಕತ್ತರಿಯ ಎರಡು ಕಣ್ಣು ಇಣುಕುತ್ತಿವೆ, ಬಂದ್ರಾ ಅಟ್ರಾಕ್ಟಾ, ನೋಡಿದ್ರಾ, ನಿನ್ನೆ ಕೂತು ಸ್ವಲ್ಪ ಟ್ರಿಮ್ ಮಾಡ್ದೆ, ಮಕ್ಳಿಗೆ ರೈಲು ಕಾಣ್ಬೇಕಲ್ವಾ, ಹೋದ್ವರ್ಷದ ಪ್ರದರ್ಶನದಲ್ಲಿ ಎಲ್ರದ್ದೂ ಅದೇ ಗೋಳು, ರೈಲು ಬೇಲಿ ಹಿಂದೆ ಹೋಗಿ ಮಾಯ ಆಗ್ಬಿಡುತ್ತೆ ಅಂತ. ಮಾಯವಾಗಬೇಕು ಕಣಯ್ಯಾ, ಮಾಯವಾಗಲಿ ಅಂತಲೇ ನಾನು ಅದನ್ನು ಕಟ್ಟಿದ್ದು. ಕತ್ತರಿಸಿಬಿಟ್ರಾ ಅಂದೆ. ಅಯ್ಯೋ ಕತ್ತರಿಸಿಲ್ಲಾರೀ, ಟ್ರಿಮ್ಮು. ಅಳಿಯ ಅಲ್ಲ, ಮಗಳ ಗಂಡ.

ಆಮೇಲೆ ಬಂದು ಪಕ್ಕದಲ್ಲಿ ನಿಂತು ಮೇಷ್ಟ್ರ ದನಿ ತೆಗೆದ, ಸುಮ್ನೆ ಮಾಡಿಲ್ಲ, ದಾಖಲೆ ಇದೆ, ರೈಲು ಕಂಪನಿ ನಕ್ಷೆ ಸಿಕ್ತು ನಂಗೆ, ಅದ್ರಲ್ಲಿ ಸ್ಪಷ್ಟವಾಗಿದೆ, ಬೇಲಿ ನಾಲ್ಕಡಿ, ನೀವು ಒಂಬತ್ತಡಿ ಮಾಡಿದ್ರಿ — ನಾಲ್ಕಡಿ. ಆ ನಾಲ್ಕಡಿ ನನಗೆ ಗೊತ್ತಿಲ್ಲವೇ, ಆ ನಾಲ್ಕಡಿಯೇ ನನ್ನ ಅಮ್ಮನನ್ನು ತಿಂದದ್ದು. ನಮ್ಮ ಹಲಗೆಯ ಮೇಲೆ ಒಂದು ಅಡಿ ಅಂದರೆ ನಾಲ್ಕು ಮಿಲಿಮೀಟರ್, ಒಂಬತ್ತಡಿಗೆ ಮೂವತ್ತಾರು, ಅವನು ಬಿಟ್ಟಿರುವುದು ಹದಿನಾರು, ಅವನ ಕತ್ತರಿಗೆ ಅದು ಇಪ್ಪತ್ತು ಮಿಲಿಮೀಟರ್, ಅಮ್ಮನ ಲೆಕ್ಕದಲ್ಲಿ ಐದು ಅಡಿ. ಇದೇ ಮನುಷ್ಯ ಹಳಿಗಳ ನಡುವಿನ ಅಂತರಕ್ಕೆ ಎರಡು ವರ್ಷ ಸಂಘವನ್ನೇ ಒಡೆದವನು, ನಮ್ಮ ಐರಿಷ್ ಹಳಿ ಐದಡಿ ಮೂರಂಗುಲ, ಇಂಗ್ಲಿಷರ ಹಳಿಗಿಂತ ಅಗಲ, ಅಂಗಡಿಯಲ್ಲಿ ಸಿಗುವುದೆಲ್ಲ ಅವರ ಅಳತೆಯದ್ದು, ಅದರ ಮೇಲೆ ನಮ್ಮ ಎಂಜಿನ್ ಓಡಿಸುವುದು ಎಂದರೆ ದೇಶದ್ರೋಹ ಅಂತ ಮೇಜು ಗುದ್ದಿದ, ಇಪ್ಪತ್ತೊಂದು ಮಿಲಿಮೀಟರ್, ಇಪ್ಪತ್ತೊಂದಕ್ಕೆ ಕೂದಲೆಳೆ ಕಡಿಮೆಯಾದರೂ ಕೂಡದು, ಪ್ರತಿಯೊಂದು ಗಾಲಿಯನ್ನೂ ಬಿಚ್ಚಿ ಮತ್ತೆ ಜೋಡಿಸಿದ, ಒಳ್ಳೆಯದು, ಜೋಡಿಸಲಿ, ಆದರೆ ಅವನ ಹಳಿ ಚರಿತ್ರೆ, ನನ್ನ ಬೇಲಿ ಅಲಂಕಾರ! ಗಂಡಸರು ಗಾಡಿ ಮಾಡುತ್ತಾರೆ, ಹೆಂಗಸರು ಹುಲ್ಲು ಅಂಟಿಸುತ್ತಾರೆ, ಹುಲ್ಲನ್ನು ಯಾರು ಬೇಕಾದರೂ ಮೇಯಬಹುದು. ಒಂದು ಚಳಿಗಾಲ ಪೂರ್ತಿ ಕೂತು ಮಾಡಿದ್ದು, ತಂತಿಗೆ ಸಿಕ್ಕಿಕೊಂಡಿದ್ದ ಕುರಿಗಳ ಉಣ್ಣೆ ಬಿಡಿಸಿ ತಂದು, ಹಳೆಯ ಕುರ್ಚಿಯ ಹೊಟ್ಟೆಯಿಂದ ಕುದುರೆಗೂದಲು ಎಳೆದು, ಕುಡಿದ ಟೀ ಸೊಪ್ಪು ಒಣಗಿಸಿ, ಅಂಟಿಗೆ ನೀರು ಬೆರೆಸಿ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದರೆ ಮಾತ್ರ ಅದು ಕೂದಲೊಳಕ್ಕೆ ಇಳಿಯುತ್ತದೆ, ಹತ್ತು ಸಲ ಕೆಟ್ಟ ಮೇಲೆ ಗೊತ್ತಾದದ್ದು, ತುದಿಯಲ್ಲಿ ಬಿಳಿ ಹೂವು, ಏಕೆಂದರೆ ಅದು ಮೇ ತಿಂಗಳು, ಆ ಮುಳ್ಳುಗಿಡ ಹೂವು ಬಿಟ್ಟಾಗ ಇನ್ನೂ ದಟ್ಟ, ಇರುವೆ ನುಸುಳಲೂ ಜಾಗವಿಲ್ಲ.

ಐವತ್ತೆಂಟರ ಮೇ, ನನಗೆ ಎಂಟು ವರ್ಷ, ನಾನು ಶಾಲೆಯಲ್ಲಿದ್ದೆ. ಅಪ್ಪ ಹಳಿ ನೋಡಿಕೊಳ್ಳುವವನು, ದಿನಾ ಐದು ಮೈಲಿ ಸುತ್ತಿಗೆ ಹಿಡಿದು ನಡೆಯುವವನು, ಅಪ್ಪನಿಗೆ ಸಂಬಳ, ಅಮ್ಮನಿಗೆ ಈ ಹಲಗೆಯ ಮೇಲಿರುವ ಇದೇ ಕ್ಲೂನಾರಾದ ರೈಲ್ವೆ ಗೇಟು, ಗೇಟಿನ ಜೊತೆಗೆ ಎರಡು ಕೋಣೆಯ ಮನೆ, ಹಾಗಿತ್ತು ವ್ಯವಸ್ಥೆ, ದಿನಕ್ಕೆ ನಾಲ್ಕೇ ಗಾಡಿ, ಉಳಿದ ಹೊತ್ತು ಗೇಟು ರಸ್ತೆಗೆ ತೆರೆದೇ ಇರುತ್ತಿತ್ತು, ಗಾಡಿಗೆ ಹತ್ತು ನಿಮಿಷ ಮುಂಚೆ ಅಮ್ಮ ಕೈ ಒರೆಸಿಕೊಂಡು ಹೋಗಿ ರಸ್ತೆಗೆ ಅಡ್ಡ ಮುಚ್ಚುವಳು. ದನದ ಸಂತೆಯ ದಿನ ಮಾತ್ರ ಫಜೀತಿ, ಖಾಲಿ ವ್ಯಾಗನ್‌ಗಳ ವಿಶೇಷ ಗಾಡಿ ಯಾವಾಗ ಬರುತ್ತದೋ ಹೇಳಲು ಬರುವುದಿಲ್ಲ, ಕಂಪನಿಯವರು ಮುಂಚೆ ಚೀಟಿ ಕಳಿಸಬೇಕು, ಕಳಿಸಿದರೆ ಕಳಿಸಿದರು, ಹಾಗಾಗಿ ಸಂತೆಯ ದಿನ ಅಮ್ಮ ಕೋಳಿಗೆ ಕಾಳು ಹಾಕುವುದಕ್ಕೂ ಹೊರಗೆ ಹೋಗದೆ ಅಡಿಗೆಮನೆಯ ಕಿಟಕಿಯಲ್ಲೇ ನಿಲ್ಲುವಳು, ಊರಿಗೆಲ್ಲ ಗೊತ್ತಿತ್ತು, ಸಂತೆ ದಿನ ಡೀಲಿಯಾ ಫೀಹಿಲಿ ಕಿಟಕಿ ಬಿಟ್ಟು ಅಲ್ಲಾಡಲ್ಲ ಅಂತ. ಕಿಟಕಿಯ ನೇರಕ್ಕೆ ರಸ್ತೆ, ಎಡಕ್ಕೆ ತಿರುವು, ನಡುವೆ ಕಂಪನಿಯ ಬೇಲಿ. ಮೊದಲೆಲ್ಲ ಪ್ರತಿ ವರ್ಷ ಇಬ್ಬರು ಆಳುಗಳು ಕುಡುಗೋಲು ತಂದು ಸವರಿ ಹೋಗುತ್ತಿದ್ದರು, ಆ ರೈಲು ಮಾರ್ಗವನ್ನೇ ಮುಚ್ಚುವ ಮಾತು ಶುರುವಾದ ಮೇಲೆ ಬರಲಿಲ್ಲ, ಮುಚ್ಚುವ ಅಂಗಡಿಗೆ ಯಾರು ಸುಣ್ಣ ಹೊಡೆಯುತ್ತಾರೆ, ಅಪ್ಪ ಮೂರು ಕಾಗದ ಬರೆದ, ನಾಲ್ಕು ವರ್ಷದಲ್ಲಿ ಅದು ಒಂಬತ್ತಡಿ ಆಯಿತು, ಅಪ್ಪ ತನ್ನ ಅಳತೆ ಕೋಲಿನಲ್ಲಿ ಅಳೆದು ನೋಟ್‌ಬುಕ್ಕಿನಲ್ಲಿ ಬರೆದದ್ದು ಇನ್ನೂ ನನ್ನ ಬಳಿ ಇದೆ. ಆ ದಿನ ಚೀಟಿ ಬರಲಿಲ್ಲ, ಗಾಡಿ ಬಂತು, ಇಳಿಜಾರಿನಲ್ಲಿ ಉಗಿ ಮುಚ್ಚಿ ಬರುವ ಗಾಡಿ, ಹೊಗೆಯಿಲ್ಲ, ಗಾಳಿ ಆ ಕಡೆಗೆ, ಸದ್ದೂ ಇಲ್ಲ, ಹನ್ನೊಂದು ಹತ್ತಕ್ಕೆ ಬಾರ್ಟ್ಲಿ ಟ್ಯಾನ್ಸಿಯ ಬ್ರೆಡ್ಡಿನ ವ್ಯಾನು ತೆರೆದ ಗೇಟಿನೊಳಗೆ ಬಂತು. ನಾವು ಶಾಲೆಯಿಂದ ಬರುವಾಗ ಹಳಿಯ ಉದ್ದಕ್ಕೂ ಬ್ರೆಡ್ಡು ಬಿದ್ದಿತ್ತು, ಯಾರೂ ಮುಟ್ಟಲಿಲ್ಲ, ಕಾಗೆಗಳು ಕೂಡ.

ವಿಚಾರಣೆಯಲ್ಲಿ ಕಂಪನಿಯ ವಕೀಲ ಆ ನಕ್ಷೆ ಬಿಡಿಸಿ ಹಿಡಿದ, ಬೇಲಿ ನಾಲ್ಕಡಿ, ನಾಲ್ಕಡಿ ಬೇಲಿ ಮೇಲಿಂದ ಒಂದು ಎಂಜಿನ್ ಕಾಣ್ಲಿಲ್ವೇನಮ್ಮಾ, ಎಲ್ಲಿದ್ದೆ ನೀನು? ಅಮ್ಮ ಹೇಳಿದ್ದು ಒಂದೇ, ನಾನು ಕಿಟಕೀಲೇ ಇದ್ದೆ ಸ್ವಾಮಿ, ಒಂದು ನಿಮಿಷಾನೂ ಬಿಟ್ಟಿಲ್ಲ, ಬೇಕಾದ್ರೆ ಕೇಳಿ, ಟ್ಯಾನ್ಸಿಯವ್ರೇ ನನ್ನ ನೋಡಿ ಕೈ ಎತ್ತಿದ್ರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರಂತೆ, ಸತ್ತೋನ್ನ ಸಾಕ್ಷಿಗೆ ಕರೀತಾಳೆ ನೋಡು. ವಿಚಾರಣೆಗೆ ಮುಂಚಿನ ವಾರವೇ ಕಂಪನಿಯವರು ಬಂದು ಬೇಲಿಯನ್ನು ಬುಡಮಟ್ಟ ಸವರಿ ಹೋಗಿದ್ದರು, ಇನ್ನು ಅಪ್ಪನ ಅಳತೆ ಕೋಲನ್ನು ಯಾರು ಕೇಳುತ್ತಾರೆ, ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸುವ ಬುದ್ಧಿ, ಗೇಟಿನವಳ ಅಜಾಗರೂಕತೆ ಅಂತ ತೀರ್ಪು, ತಿಂಗಳೊಳಗೆ ಮನೆ ಖಾಲಿ. ಅಮ್ಮ ಆಮೇಲೆ ಮೂವತ್ತು ವರ್ಷ ಬದುಕಿದಳು, ಸಾಯುವ ವಾರ ಕೂಡ ಅದೇ ಮಾತು, ಕಿಟಕೀಲೇ ಇದ್ದೆ ಕಂದಾ. ಇವತ್ತು ಗ್ರೇಲಿ ಮೇಷ್ಟ್ರು ಮುದ್ರಿಸಿದ ಕಿರುಹೊತ್ತಿಗೆಯಲ್ಲೂ ಅದೇ ಸಾಲು, ಗೇಟಿನವಳ ಅಜಾಗರೂಕತೆ, ಪುಟ ಮೂರು, ಸಾಲದ್ದಕ್ಕೆ ಬೇಲಿ ಹದಿನಾರು ಮಿಲಿಮೀಟರ್, ಬಂದವರೆಲ್ಲ ಬಗ್ಗಿ ನೋಡಿ ಹೇಳಲಿ, ಹೌದಲ್ಲ, ಎಷ್ಟು ಚೆನ್ನಾಗಿ ಕಾಣುತ್ತೆ, ಅವಳಿಗೇನಾಗಿತ್ತು ರೋಗ! ಮಾದರಿಯೂ ಸುಳ್ಳುಸಾಕ್ಷಿ ಹೇಳುತ್ತದೆ, ನನ್ನ ಕೈಯಿಂದಲೇ ಮಾಡಿದ ಮಾದರಿ, ಇವನ ಸ್ಯಾಂಡ್‌ವಿಚ್ ತಟ್ಟೆ ಇವನ ತಲೆಯ ಮೇಲೆ ಮಗುಚಬೇಕು.

ಮಗುಚಲಿಲ್ಲ, ಚೀಲದಲ್ಲಿ ಉಳಿದ ಬೇಲಿಯ ಚೂರುಗಳಿದ್ದವು, ಚಿಮಟ ಇತ್ತು, ಅಂಟಿನ ಸೀಸೆ ಇತ್ತು, ಬಗ್ಗಿದೆ. ಏನ್ ಮಾಡ್ತಿದ್ದೀರಿ ಅಟ್ರಾಕ್ಟಾ, ಬಾಗಿಲು ತೆಗೆಯೋ ಹೊತ್ತಾಯ್ತು. ಬೇಲಿ ಬೆಳೀತಿದೆ ಮೇಷ್ಟ್ರೇ, ಮೇ ತಿಂಗಳಲ್ವಾ. ನಕ್ಷೆ ಪ್ರಕಾರ — ನಕ್ಷೆ ಮಡಚಿ ಜೇಬಲ್ಲಿಟ್ಕೊಳ್ಳಿ, ಕತ್ತರಿ ಜೊತೆಗೆ. ಅವನು ಮುಖ ಹುಳ್ಳಗೆ ಮಾಡಿಕೊಂಡು ಎಂಜಿನ್ ಒರೆಸಲು ಹೋದ. ಒಂದೊಂದೇ ಟೊಂಗೆ, ಅಂಟಿನಲ್ಲಿ ಅದ್ದಿ, ಹಿಡಿದು, ಇಪ್ಪತ್ತು ಎಣಿಸಿ, ಬಿಟ್ಟು, ಜನ ಬರತೊಡಗಿದ್ದಾರೆ, ಹೊರಗೆ ಮಳೆ ಹನಿದಿರಬೇಕು, ಒದ್ದೆ ಕೋಟಿನ ವಾಸನೆ, ಟೀ ವಾಸನೆ, ಅಮ್ಮಾ ಅಲ್ನೋಡು ಪುಟಾಣಿ ಹಾಲಿನ ಕ್ಯಾನು, ಹೌದು ಮಗೂ, ಮುತ್ತಿನ ಮಣಿಯಿಂದ ಮಾಡಿದ್ದು, ಮುಟ್ಟಬೇಡ. ವ್ಯಾನು ರಸ್ತೆಯಲ್ಲಿ ನಿಂತಿದೆ, ಗೇಟಿಗೆ ನಲವತ್ತಡಿ ದೂರ, ಬಿಸ್ಕತ್ತಿನ ಡಬ್ಬಿಯ ತಗಡು ಮಡಚಿ ಮಾಡಿದ್ದು, ಅಂಗಿಯ ಪುಟ್ಟ ಗುಂಡಿಗಳ ಗಾಲಿ, ಬದಿಯಲ್ಲಿ ಟ್ಯಾನ್ಸಿ ಅಂತ ಮೂರು ಕೂದಲಿನ ಕುಂಚದಲ್ಲಿ ಉಸಿರು ಬಿಗಿಹಿಡಿದು ಬರೆದದ್ದು, ಟ್ಯಾನ್ಸಿ ಮನೆಯವರು ನಮ್ಮನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದರು, ಆದರೂ ನಾನು ವ್ಯಾನಿಗೆ ಮೋಸ ಮಾಡಲಿಲ್ಲ, ನೋಡಿಕೊಳ್ಳಲಿ.

ಇದು ನಮ್ಮಪ್ಪನ ವ್ಯಾನೇ, ಅಲ್ವಾ — ತಲೆಯೆತ್ತಿದರೆ ಮಲಾಕಿ ಟ್ಯಾನ್ಸಿ, ಬಾರ್ಟ್ಲಿಯ ಮಗ, ಎಪ್ಪತ್ತು ದಾಟಿದವನು, ಟೋಪಿ ಕೈಯಲ್ಲಿ. ಅರವತ್ತೊಂದು ವರ್ಷದಲ್ಲಿ ಮೊದಲ ಮಾತು, ಒಂದೇ ಚರ್ಚಿನಲ್ಲಿ ಮಂಡಿಯೂರಿ ಎದ್ದು ಹೋದವರು ನಾವು. ಡೀಲಿಯಾ ಮಗಳಲ್ವಾ ನೀನು? ಹೌದು, ಗೊತ್ತಿದ್ದೂ ಕೇಳ್ತೀಯಲ್ಲ. ಅವನಿಗೆ ಸಿಟ್ಟು ಬರಲಿಲ್ಲ, ವ್ಯಾನನ್ನೇ ನೋಡುತ್ತಿದ್ದ, ದೀಪ ಒಂದು ಒಡೆದಿತ್ತು, ಎಡಗಡೇದು, ಅದನ್ನೂ ಒಡೆದಿದೀಯ ಅಂದ. ಒಡೆದಿದ್ದರೆ ಒಡೆದೇ ಮಾಡಬೇಕು. ನಮ್ಮಪ್ಪ ಕುಡಿದಿದ್ದ ಅಂದ್ರು ಗೊತ್ತಾ, ನಿದ್ದೆ ಮಾಡ್ತಿದ್ದ ಅಂದ್ರು, ನಮ್ಮಮ್ಮ ಸಾಯೋವರ್ಗೂ ಒಂದೇ ಕೇಳಿದ್ಲು, ಗೇಟು ತೆರೆದಿದ್ರೂ ಪ್ರತಿ ಸಲ ನಿಲ್ಲಿಸ್ತಿದ್ದ, ಇಳಿದು ಕಿವಿ ಕೊಡ್ತಿದ್ದ, ನನ್ನೂ ಇಳಿಸ್ತಿದ್ದ, ಅಂಥೋನು ಅವತ್ತೊಂದಿನ ಯಾಕೆ ನಿಲ್ಲಿಸ್ಲಿಲ್ಲ? ನನಗೇನು ಗೊತ್ತು, ನನ್ನ ಬಾಯಲ್ಲಿ ಸಿದ್ಧವಾಗಿದ್ದದ್ದು ಬೇರೆಯೇ, ನಿಮ್ಮಪ್ಪನ ವಿಷ್ಯ ಬಿಡು, ನಮ್ಮಮ್ಮಂಗೆ ಏನು ಕಾಣ್ತಿತ್ತು ಅಂತ ನೋಡು ಮೊದ್ಲು, ಹಿಂದುಗಡೆ ಹೋಗು, ಮನೆಗೆ ಹಿಂದಿನ ಗೋಡೆ ಇಟ್ಟಿಲ್ಲ, ಕಣ್ಣಿಟ್ಟು ಕಿಟಕಿಯಿಂದ ನೋಡು, ಬೇಲಿ ಈಗ ಪೂರ್ತಿ ಆಗಿದೆ. ಜನರನ್ನು ತಡೆಯಲು ಕಟ್ಟಿದ್ದ ಹಗ್ಗ ಎತ್ತಿ ಅವನನ್ನು ಒಳಗೆ ಬಿಟ್ಟೆ. ಅವನು ಮಂಡಿ ಹಿಡಿದುಕೊಂಡು ಮೆಲ್ಲಗೆ ಬಗ್ಗಿದ, ಮೇಷ್ಟ್ರ ಖಾಲಿ ವ್ಯಾಗನ್‌ಗಳು ಆ ಕಡೆಯಿಂದ ಹೊರಟಿದ್ದವು.

ನಾನು ಈ ಕಡೆ, ಕೊನೆಯ ಟೊಂಗೆ ಒಣಗಿತೇ ನೋಡಲು, ಗಲ್ಲವನ್ನು ಹಲಗೆಗೆ ಊರಿ, ವ್ಯಾನಿನ ಪಕ್ಕಕ್ಕೆ ಮುಖ ತಂದು, ಅದರ ಮುಂದಿನ ಗಾಜಿನ ಮಟ್ಟಕ್ಕೆ ಕಣ್ಣು — ಇಷ್ಟು ವರ್ಷ ಅಮ್ಮನ ಕಿಟಕಿಯಿಂದ ನೂರು ಸಲ ನೋಡಿದ್ದೇನೆ, ಇಲ್ಲಿಂದ ಒಂದು ಸಲವೂ ಇಲ್ಲ. ಬಲಕ್ಕೆ ಬೇಲಿಯ ಗೋಡೆ, ಹಳಿಯಿಲ್ಲ, ಗಾಡಿಯಿಲ್ಲ, ಎದುರಿಗೆ ತೆರೆದ ಗೇಟು, ಗೇಟಿನ ಆಚೆ ಮನೆ, ಮನೆಯ ಕಿಟಕಿ, ಮತ್ತು ಕಿಟಕಿಯ ತುಂಬ ಕಣ್ಣು, ಬೂದುಬಣ್ಣದ ದೊಡ್ಡ ಕಣ್ಣು, ಎಚ್ಚರವಾಗಿ, ಪಿಳುಕಿಸದೆ ತಿರುವನ್ನು ನೋಡುತ್ತಿದೆ. ಮನೆಯ ಹಿಂದಿನಿಂದ ಅವನ ಧ್ವನಿ, ಏನೂ ಕಾಣ್ಸಲ್ಲ ಅಟ್ರಾಕ್ಟಾ, ಬರೀ ಬೇಲಿ, ನಿಮ್ಮಮ್ಮ ಹೇಳಿದ್ದು ನಿಜ — ಬಂತು, ಅರವತ್ತೊಂದು ವರ್ಷ ಕಾದ ಮಾತು, ಟ್ಯಾನ್ಸಿಯ ಬಾಯಿಂದಲೇ ಬಂತು, ಕೇಳಿಸುತ್ತಿದೆ, ಆದರೆ ಒಳಗೆ ಇಳಿಯುತ್ತಿಲ್ಲ, ಬಾರ್ಟ್ಲಿ ಕಂಡದ್ದೂ ಇದೇ, ಸಂತೆಯ ದಿನ, ಡೀಲಿಯಾ ಕಿಟಕಿಯಲ್ಲಿದ್ದಾಳೆ, ನೋಡುತ್ತಿದ್ದಾಳೆ, ಗೇಟು ಮುಚ್ಚಿಲ್ಲ, ಅಂದರೆ ಗಾಡಿ ಇಲ್ಲ, ಇಳಿಯುವುದೇಕೆ, ಕಿವಿ ಕೊಡುವುದೇಕೆ, ಕೈ ಎತ್ತಿದರೆ ಸಾಕು. ಆದ್ರೆ ನಮ್ಮಪ್ಪ ಯಾಕೆ ನಿಲ್ಲಿಸ್ಲಿಲ್ಲ ಅನ್ನೋದು ಮಾತ್ರ ಇಲ್ಲಿಂದ ಗೊತ್ತಾಗಲ್ಲ, ಅನ್ನುತ್ತಿದ್ದಾನೆ, ನಿಂಗೇನಾದ್ರೂ ಕಾಣ್ಸುತ್ತಾ ಆ ಕಡೆಯಿಂದ? ಗೇಟು ತೆರೆದಿದೆ. ಕಿಟಕಿಯಲ್ಲಿ ಕಣ್ಣು. ಅಟ್ರಾಕ್ಟಾ? ಕಿಟಕಿಯಲ್ಲಿ ಕಣ್ಣು, ಗೇಟು ತೆರೆದಿದೆ, ಕಿಟಕಿಯಲ್ಲಿ ಕಣ್ಣು —