ಮಷೀನಿನ ಕೆಳಗಿನ ಗಂಟು

ಶಾಲೆಗೆ ಚಕ್ಕರ್ ಹೊಡೆಯುವ ಮಕ್ಕಳನ್ನು ಮನೆಗೇ ಹೋಗಿ ಕರೆತರಲು ನಮ್ಮ ಬೀದಿಯವರು ಒಂದು ಸಮಿತಿ ಮಾಡಿಕೊಂಡಿದ್ದರು. ಟೈಲರ್ ಅಂಗಡಿ ಇಟ್ಟುಕೊಂಡ ನಾನೂ ಅದರಲ್ಲಿದ್ದೆ. ನನ್ನ ಬಾಯಿ ಜೋರು, ಅದಕ್ಕೇ ಸೇರಿಸಿಕೊಂಡರೇನೋ. ಮೊದಲ ಸಭೆಯಲ್ಲೇ, ಈಗಿನ ಹುಡುಗಿಯರಿಗೆ ಕೊಬ್ಬು, ಬೈಯುವವರಿಲ್ಲ ಎಂದು ಭಾಷಣ ಬಿಗಿದಿದ್ದೆ. ಹೆಡ್ ಮೇಡಂ ನನಗೆ ಇಸ್ತ್ರಿ ಅಂಗಡಿಯವಳ ಮಗಳನ್ನು ಒಪ್ಪಿಸಿದರು. ಒಂಬತ್ತನೇ ಕ್ಲಾಸು, ಇಪ್ಪತ್ತು ದಿನದಿಂದ ಪತ್ತೆಯಿಲ್ಲ. ಸೋಮವಾರ ಸರಿಯಾದ ಕಾರಣದೊಂದಿಗೆ ಬರದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದರು.

ಶನಿವಾರ ಹೋದೆ. ಹುಡುಗಿ ಅಮ್ಮನ ಹಳೆ ಬಟ್ಟೆ ತೊಟ್ಟು, ಇಸ್ತ್ರಿಯಾದ ಅಂಗಿಗಳನ್ನು ಮಡಚುತ್ತಿದ್ದಳು. ನಾನು ಕೂರುವ ಮೊದಲೇ ಶುರು ಹಚ್ಚಿಕೊಂಡೆ. ಅಮ್ಮ ಈ ಬಿಸಿಯಲ್ಲಿ ಬೇಯುವುದು ಯಾರಿಗಾಗಿ, ನಾಚಿಕೆ ಆಗುವುದಿಲ್ಲವೇ ಎಂದೆಲ್ಲ ಕೇಳಿದೆ. ಅವಳು ತಲೆ ಎತ್ತಲಿಲ್ಲ. ಮಡಚಿದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಚಿದಳು. ಕೊನೆಗೆ ಅಮ್ಮ ಇಸ್ತ್ರಿಪೆಟ್ಟಿಗೆ ಬದಿಗಿಟ್ಟಳು.

"ಇರೋದೇ ಒಂದು ಯೂನಿಫಾರಂ ಸ್ಕರ್ಟ್, ಅಕ್ಕ. ಉದ್ದ ಮಾಡೋಕೆ ನಿಮ್ಮ ಹತ್ರಾನೇ ಕೊಟ್ಟಿದ್ದೀವಿ. ಎರಡು ಸಲ ಕೇಳೋಕೆ ಬಂದಿದ್ಲು."

ಹೌದು, ಬಂದಿದ್ದಳು. ಎರಡನೇ ಸಲ ಮದುವೆ ಬಟ್ಟೆಗಳ ಗಡಿಬಿಡಿಯಲ್ಲಿದ್ದೆ. ನಿನ್ನ ಸ್ಕರ್ಟ್ ಹೊತ್ತುಕೊಂಡು ನಾನೇನು ಊರು ಬಿಟ್ಟು ಓಡಿಹೋಗುತ್ತೇನಾ ಎಂದು ನಾಲ್ಕು ಜನರ ಮುಂದೆ ಹಂಗಿಸಿದ್ದೆ. ಅವಳೊಬ್ಬಳನ್ನು ಬಿಟ್ಟು ಎಲ್ಲರೂ ನಕ್ಕಿದ್ದರು. ಆಮೇಲೆ ಅವಳು ಬರಲಿಲ್ಲ, ನಾನು ಮರೆತೇಬಿಟ್ಟೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಂಗಡಿಗೆ ಓಡಿ, ಮಷೀನಿನ ಕೆಳಗಿನ ಗಂಟು ಬಿಚ್ಚಿದೆ. ಸ್ಕರ್ಟ್ ತಳದಲ್ಲಿತ್ತು. ಅಂಚು ಬಿಚ್ಚಿ ಉದ್ದ ಮಾಡಲು ಹಿಡಿದದ್ದು ಅರ್ಧ ಗಂಟೆ. ಕೊಡಲು ಹೋದಾಗ ಅವಳು ನನ್ನ ಕೈಯಲ್ಲಿದ್ದ ಸಮಿತಿಯ ಫಾರಂ ನೋಡಿದಳು. ಗೈರುಹಾಜರಿಗೆ ಕಾರಣ ಎಂಬ ಜಾಗ ಇನ್ನೂ ಖಾಲಿ ಇತ್ತು.

"ಜ್ವರ ಅಂತ ಬರೀರಿ, ಟೈಲರಕ್ಕ. ನಾನೂ ಅದನ್ನೇ ಹೇಳ್ತೀನಿ."

ಹದಿನಾಲ್ಕರ ಹುಡುಗಿ ನನ್ನ ಮಾನ ಕಾಯಲು ಹೊರಟಿದ್ದಳು. ನಾನು, ನಾಚಿಕೆಗೆಟ್ಟವಳು, ಹಾಗೇ ಬರೆದೆ.

ಸೋಮವಾರ ಅವಳು ಶಾಲೆಗೆ ಹೋದಳು. ಸಂಜೆ ಸಭೆಗೂ ಅವಳನ್ನು ಕರೆಸಿದ್ದರು. ಮೇಡಂ ಫಾರಂ ಓದಿ, ಇಪ್ಪತ್ತು ದಿನ ಜ್ವರವಾದರೆ ಡಾಕ್ಟರ ಚೀಟಿ ಎಲ್ಲಿ ಎಂದು ಕೇಳಿದರು. ಇಲ್ಲ ಎಂದಳು. ಹಾಗಾದರೆ ಪರೀಕ್ಷೆಯ ಮಾತೇ ಇಲ್ಲ ಎಂದರು ಮೇಡಂ. ಪಕ್ಕದಲ್ಲಿ ಕೂತಿದ್ದ ಹಾಲಿನಂಗಡಿಯವರು ನನ್ನ ಕಡೆ ಬಾಗಿ, ನೀವು ಹೇಳಿದ ಹಾಗೇ ಕೊಬ್ಬು ನೋಡಿ, ಸುಳ್ಳು ಬೇರೆ ಎಂದರು. ಹುಡುಗಿ ತುಟಿ ಕಚ್ಚಿ ನಿಂತಿದ್ದಳು. ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ಅದನ್ನು ತಡೆಯಲಾಗಲಿಲ್ಲ ನನಗೆ.

ಎದ್ದು ನಿಂತೆ. ಆ ಜೋರು ಬಾಯಿ ಎಲ್ಲಿ ಹೋಯಿತೋ, ಹೊರಟದ್ದು ಸಣ್ಣ ದನಿ.

"ಜ್ವರ ಅಲ್ಲ. ಅವಳ ಸ್ಕರ್ಟ್ ನನ್ನ ಅಂಗಡೀಲಿ ಬಿದ್ದಿತ್ತು. ಕೇಳೋಕೆ ಬಂದ್ರೆ ನಾನೇ ಬೈದು ಕಳಿಸಿದ್ದೆ."

ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಮೇಡಂ ಹುಡುಗಿಗೆ ಪರೀಕ್ಷೆಗೆ ಓದಿಕೋ ಎಂದು ಹೇಳಿ, ಜ್ವರ ಎಂಬುದನ್ನು ಹೊಡೆದುಹಾಕಿ, ಪೆನ್ನನ್ನು ನನ್ನ ಕೈಗೆ ಕೊಟ್ಟರು. ಅಷ್ಟೆಲ್ಲ ಬರೆಯಲು ಅಲ್ಲಿ ಜಾಗವಿರಲಿಲ್ಲ. ಗೈರುಹಾಜರಿಗೆ ಕಾರಣ ಎಂಬಲ್ಲಿ ನನ್ನ ಹೆಸರು ಬರೆದೆ.