ಹದಿನೆಂಟು ಪಾಯಿಂಟ್ ಏಳು

ಗುಲಾಬಿ ಬಣ್ಣ ಬಂತು — ಇಲ್ಲ, ಫ್ಲಾಸ್ಕು ಅಲುಗಿಸುತ್ತಲೇ ಹೋಯಿತು, ಇನ್ನೊಂದು ಹನಿ, ಬಂತು, ನಿಂತಿತು, ಬ್ಯುರೆಟ್ಟು ಮತ್ತೆ ಇಪ್ಪತ್ತನ್ನೇ ತೋರಿಸುತ್ತಿದೆ, ಮೂರನೇ ಸಲವೂ ಇಪ್ಪತ್ತು, ಹಾಳಾದ್ದು, ಹೆಸರು ಹೇಳದೆ ಕೊಟ್ಟ ಆಸಿಡ್ಡು, ಲೀಟರಿಗೆ ಐದು ಪಾಯಿಂಟ್ ಒಂಬತ್ತು ಗ್ರಾಂ, ನಾರ್ಮಾಲಿಟಿ ಪಾಯಿಂಟ್ ಒಂದು, ಭಾಗಿಸಿದರೆ ಈಕ್ವಿವಲೆಂಟ್ ತೂಕ ಐವತ್ತೊಂಬತ್ತು, ಬರಬೇಕಾದದ್ದು ಅರವತ್ತಮೂರು, ಪರೀಕ್ಷೆಗೆ ಲ್ಯಾಬಿನೊಳಗೆ ಬರುವಾಗಲೇ ಅಟೆಂಡರ್ ಉಜ್ಜಿನಪ್ಪ ಮಾವ ಪಿಸುಗುಟ್ಟಿದ್ದ, ಆಕ್ಸಾಲಿಕ್ಕು ಐತವ್ವ ಕೊಟ್ರಬಸಮ್ಮ, ಅರವತ್ಮೂರು ಬರತೈತಿ, ನಾನೇ ಬಾಟ್ಲಿ ಇಳಿಸೀನಿ, ಕುರುಗೋಡಿನಲ್ಲಿ ಅವಳ ಓಣಿಯವನೇ, ಹನ್ನೊಂದು ವರ್ಷದಿಂದ ಊರ ಮಕ್ಕಳಿಗೆಲ್ಲ ಹೀಗೆ ಹೇಳಿಕೊಡುತ್ತ ಬಂದವನು, ಒಮ್ಮೆಯೂ ತಪ್ಪಿದ್ದಿಲ್ಲ — ತಪ್ಪುವುದು ತನ್ನ ಕೈಯೇ, ಹೋದ ವರ್ಷ ಬ್ಯುರೆಟ್ಟಿನ ನಲ್ಲಿ ಸೋರಿದ್ದು ಕಾಣದೆ ಬಂದ ರೀಡಿಂಗನ್ನೇ ಬರೆದು ಎರಡು ಮಾರ್ಕಿಗೆ ಬಿಎಸ್ಸಿ ಹೋಯಿತು, ಈ ಸಲ ತಾನೇ ವ್ಯಾಸಲೀನ್ ಹಚ್ಚಿದ್ದಾಳೆ, ಸೋರಿಲ್ಲ, ಆದರೂ, ಯಾರು ಬಲ್ಲರು, ಅಪ್ಪ ಮೊನ್ನೆ ಬಸ್ಸಿನ ಕಿಟಕಿ ಹಿಡಿದು ಹೇಳಿದ್ದು, ಈ ಸಲಾನೂ ಹೋದ್ರ ಸಾಕು ಮಗಳ, ತೆಕ್ಕಲಕೋಟಿಯವರು ಎಷ್ಟಂತ ಕಾಯ್ತಾರ, ಗಂಡು ಕೆಟ್ಟವನೇನಲ್ಲ, ಆದರೆ ಅವಳಿಗೆ ಬೇಕಾದದ್ದು ಸಿರುಗುಪ್ಪದ ಹೈಸ್ಕೂಲಿನ ಕರಿಹಲಗೆ, ಬೆರಳ ತುಂಬ ಸೀಮೆಸುಣ್ಣ, ಬೇಕು, ಬೇಕೇ ಬೇಕು — ಗುಲಾಬಿ ಬಂತು, ಹೋಯಿತು — ಅರವತ್ತಮೂರಕ್ಕೆ ಎಷ್ಟು ಬರಬೇಕಿತ್ತು, ಹಿಂದಿನಿಂದ ಲೆಕ್ಕ ಹಾಕು, ಹದಿನೆಂಟು ಪಾಯಿಂಟ್ ಏಳು, ಬರೆ, ಮೂರು ಸಾಲಿನಲ್ಲೂ ಅದನ್ನೇ ಬರೆ, ಇಪ್ಪತ್ತು ಎಂದು ಗುರುತು ಹಾಕಿಕೊಂಡ ಚೀಟಿ ಸಿಂಕಿಗೆ ಹೋಗಲಿ, ಹೋಯಿತು.

ಚಪ್ಪಲಿ ಸದ್ದು, ಧಾರವಾಡದ ಎಕ್ಸಾಮಿನರ್ರು, ಅವಳ ಪುಸ್ತಕದ ಮೇಲೆ ಅವರ ಬೆರಳು, ಅರವತ್ಮೂರೇನವಾ, ಅದು ಮುಂಜಾನಿ ಬ್ಯಾಚಿಂದು, ಮಧ್ಯಾಹ್ನಕ್ಕ ನಾನು ಬಾಟ್ಲಿ ಬದಲ್ ಮಾಡೀನಿ, ಕಪಾಟಿನ ಬಳಿ ಉಜ್ಜಿನಪ್ಪ ಮಾವ ತಲೆ ತಗ್ಗಿಸುತ್ತಾನೆ, ಇರ್ಲಿ, ಇನ್ನೊಂದ್ಸಲ ನನ್ನ ಮುಂದ ಮಾಡಿ ತೋರಸು, ಪಿಪೆಟ್ಟನ್ನು ಬಾಯಿಗಿಟ್ಟು ಎಳೆಯುತ್ತಾಳೆ, ನಾಲಿಗೆಗೆ ಹುಳಿ ತಾಗುತ್ತದೆ, ಬಣ್ಣ ತೋರಿಸಲು ಎರಡು ತೊಟ್ಟು ಫಿನಾಲ್ಫ್ಥಲೀನ್, ನಲ್ಲಿ ತಿರುವು, ಕೈಯೇ, ನೀನು ಸರಿಯಾಗೇ ಇದ್ದೆ, ಮೂರು ಸಲವೂ ಸರಿಯಾಗಿದ್ದೆ, ನಾನೇ ನಿನ್ನನ್ನು ನಂಬಲಿಲ್ಲ, ಹತ್ತು, ಹದಿನೈದು, ಹದಿನೆಂಟು, ಎಕ್ಸಾಮಿನರ್ರು ಬಗ್ಗಿ ನೋಡುತ್ತಿದ್ದಾರೆ, ಹದಿನೆಂಟು ಪಾಯಿಂಟ್ ಏಳು, ಸಾಕು, ನಿಲ್ಲಸು, ಇಷ್ಟಕ್ಕ ಬಣ್ಣ ಬಂತಂತ ಬರದೀ ಅಲ್ಲ, ಅಲುಗಿಸವಾ — ಗುಲಾಬಿ ಬಂತು, ಹೋಯಿತು, ಬಿಳಿ ಟೈಲಿನ ಮೇಲೆ ಫ್ಲಾಸ್ಕು, ಫ್ಲಾಸ್ಕಿನಲ್ಲಿ ಬರೀ ನೀರಿನ ಬಣ್ಣ.