ಬೊಳ್ಳುವಿನ ವ್ರತ

ಹಳೆಯ ಬೈರಾಸ್ ಟವೆಲನ್ನು ನಾಯಿ ಬೊಳ್ಳುವಿನ ಹೊಟ್ಟೆಯಡಿ ತೂರಿಸಿ, ಎರಡು ತುದಿಗಳನ್ನೂ ಮೇಲಕ್ಕೆ ಹಿಡಿದು, ಅದರ ಹಿಂಭಾಗದ ಭಾರವನ್ನು ತಾನೇ ಹೊತ್ತುಕೊಂಡು ರಾಜೀವಿ ದಾಸವಾಳದ ಬುಡದ ತನಕ ನಡೆಸಿದಳು. ಗಾಯ ನೆಕ್ಕದಂತೆ ಕೊರಳಿಗೆ ಕಟ್ಟಿದ ಲಾಳಿಕೆಯಂಥ ಪ್ಲಾಸ್ಟಿಕ್ ಗಿಡಕ್ಕೆ ತಾಗಿದಾಗ, ತಪ್ಪು ತನ್ನದೇ ಎಂಬಂತೆ ನಾಯಿ ಅವಳ ಮುಖ ನೋಡಿತು. ಮೂಡುಬಿದಿರೆಯ ಡಾಕ್ಟರು ಅದರ ಮುರಿದ ತೊಡೆಯ ಮೂಳೆಗೆ ಪ್ಲೇಟು ಕೂರಿಸಿ ಹನ್ನೊಂದು ದಿನವಾಗಿತ್ತು. ಹೊಲಿಗೆಯ ಮೇಲಿನ ತುದಿ ಇನ್ನೂ ಒಣಗಿರಲಿಲ್ಲ; ಹತ್ತಿ ಒತ್ತಿದರೆ ಹಳದಿ ಅಂಟುತ್ತಿತ್ತು.

"ಅಕ್ಕಾ, ಇವತ್ತೂ ಕಾರಿಕೊಂಡಿದೆ," ಎಂದಳು ಚಾವಡಿ ಗುಡಿಸುತ್ತಿದ್ದ ಕೆಲಸದ ಪೂವಮ್ಮ. "ಮಾತ್ರೆ ಹಾಗೇ ಉಂಟು ನೋಡಿ. ಅರ್ಧವೂ ಕರಗ್ಲಿಲ್ಲ."

ನೋಡುವುದೇನು, ನಾಲ್ಕು ದಿನದಿಂದ ಅದೇ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಹತ್ತಕ್ಕೆ ಎಂದು ಡಾಕ್ಟರು ಚೀಟಿಯಲ್ಲಿ ಬರೆದು ಬಾಯಲ್ಲೂ ಹೇಳಿದ್ದರು. "ಹೊಟ್ಟೆಗೆ ಅನ್ನ ಬಿದ್ದ ಮೇಲೆಯೇ ಮಾತ್ರೆ. ಖಾಲಿ ಹೊಟ್ಟೆಗೆ ಕೊಟ್ರೆ ಕಾರ್ತದೆ. ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ರೆ ಒಳಗೆ ಕೀವಾಗ್ತದೆ, ಮತ್ತೆ ಕಾಲನ್ನೇ ತೆಗೀಬೇಕಾದೀತು."

ಆದರೆ ಗಂಡ ವಿಮಲಕುಮಾರನ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ಅದು ಜೈನರ ಹಳೆಯ ಕ್ರಮ. ರಾಜೀವಿ ಏಳನೆಯ ವಯಸ್ಸಿನಿಂದ ಅದನ್ನು ಬಿಟ್ಟವಳಲ್ಲ. ಹೆರಿಗೆಯಾದ ವಾರವೂ ಬಿಟ್ಟಿರಲಿಲ್ಲ. ಬಿಟ್ಟಿಲ್ಲವೆಂದು ಯಾರಿಗೂ ಹೇಳಿದವಳೂ ಅಲ್ಲ. ಹೇಳುವ ಕೆಲಸವೆಲ್ಲ ಗಂಡನದು. ಹೇಳುತ್ತ ಹೇಳುತ್ತ ನಾಲ್ಕು ದಿನದ ಹಿಂದೆ ಅವನು ಆ ವ್ರತವನ್ನು ನಾಯಿಗೂ ಹಚ್ಚಿದ್ದ. ಸಂಜೆ ಆರರ ನಂತರ ಬೊಳ್ಳುವಿಗೆ ಒಂದಗುಳೂ ಇಲ್ಲ. ಹತ್ತು ಗಂಟೆಯ ಮಾತ್ರೆಯನ್ನು ಮಾತ್ರ ಅವನೇ ಅದರ ಬಾಯಿಗೆ ತುರುಕುತ್ತಿದ್ದ, ಸಮಾಜದ ವಾಟ್ಸಾಪ್ ಗುಂಪಿಗೆ ಆರೈಕೆಯ ಫೋಟೋ ಬೇಕಿತ್ತಲ್ಲ.

ನೆನೆಸಿಟ್ಟ ಬಟ್ಟೆಗಳಿಂದ ಅವನ ಅಂಗಿಯನ್ನೆತ್ತಿ ಕಲ್ಲಿಗೆ ಹಾಕಿದಳು. ಕಿಸೆಯಲ್ಲಿ ಮಡಚಿದ ಕಾಗದದ ಚೂರು. ನೀರಿನಲ್ಲಿ ನೆನೆದರೂ ಕರಿದ ನೀರುಳ್ಳಿ ಬಜೆಯ ಎಣ್ಣೆ ವಾಸನೆ ಹೋಗಿರಲಿಲ್ಲ. ನಿನ್ನೆ ಅವನು ಮಾಣಿ ಪೇಟೆಯಿಂದ ಬಂದಾಗ ರಾತ್ರಿ ಒಂಬತ್ತೂವರೆ. ಆ ಹೊತ್ತಿನಲ್ಲಿ ಬಜೆ ತಿಂದ ಬಾಯಿಯಿಂದಲೇ ನಾಯಿಯ ವ್ರತದ ಮಾತು ಹೊರಡುತ್ತದೆ. ರಾಜೀವಿಗೆ ಸಿಟ್ಟು ಬರಲಿಲ್ಲ. ಕೊಳೆತ ತೆಂಗಿನಕಾಯಿ ಒಡೆದಾಗ ಮೂಗು ತಿರುಗುತ್ತದಲ್ಲ, ಅಷ್ಟೇ.

ಸಂಜೆ ಸಮಾಜದ ಕಾರ್ಯದರ್ಶಿ ಜಿನೇಶ ವೇಣೂರಿನಿಂದ ಬಂದ. ಗಾಯದ ನಾಯಿಯ ಆರೈಕೆಗಾಗಿ ಆದಿತ್ಯವಾರದ ಸಭೆಯಲ್ಲಿ ವಿಮಲಕುಮಾರನಿಗೆ ಸನ್ಮಾನ.

"ಎಂಥ ಪುಣ್ಯದ ನಾಯಿ ಮಾರಾಯ್ರೇ! ರಾತ್ರಿ ಮುಟ್ಟುವುದೇ ಇಲ್ವಂತೆ?"

"ಬಿಸ್ಕಿಟ್ ಹಿಡಿದ್ರೂ ಮೂಸುವುದಿಲ್ಲ ಜಿನೇಶ. ನಾವು ಕಲಿಸಿದ್ದಲ್ಲ, ಅದಾಗಿ ಬಂದದ್ದು. ಇಂಥ ಧರ್ಮಬುದ್ಧಿ ಮನುಷ್ಯರಿಗೇ ಇಲ್ಲ ಈಗ. ಆ ಟಿಪ್ಪರ್ ಲಾರಿಯವನನ್ನು ನೋಡು, ಇದಕ್ಕೆ ಹೊಡೆದು ಹಿಂದೆ ತಿರುಗಿಯೂ ನೋಡದೆ ಹೋದ."

ಟಿಪ್ಪರು! ಆ ದಿನ ರಾಜೀವಿ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು. ಫೋನಿನಲ್ಲಿ ರಬ್ಬರಿನ ರೇಟು ಕೇಳುತ್ತ ಇವನು ಕಾರನ್ನು ಹಿಂದಕ್ಕೆ ತೆಗೆದದ್ದನ್ನೂ, ಚಕ್ರ ಒಮ್ಮೆ ಎದ್ದು ಇಳಿದದ್ದನ್ನೂ ಕಣ್ಣಾರೆ ಕಂಡವಳು. ಅವಳು ಕಂಡಿದ್ದಾಳೆಂಬುದು ಅವನಿಗೂ ಗೊತ್ತು. ಆದರೂ ಅವಳ ಎದುರಿಗೇ ಆ ಟಿಪ್ಪರು ದಿನದಿಂದ ದಿನಕ್ಕೆ ದೊಡ್ಡದಾಗುತ್ತಿತ್ತು.

"ಬೊಳ್ಳುವನ್ನೂ ಸಭೆಗೆ ತನ್ನಿ. ಅದಕ್ಕೂ ಒಂದು ಶಾಲು ಹಾಕುವ," ಎಂದ ಜಿನೇಶ.

ಹಾಲಿನ ಲೋಟಗಳನ್ನಿಡುತ್ತ ರಾಜೀವಿ ಹೇಳಿದಳು: "ಅದು ದಿನಾ ಕಾರ್ತಾ ಉಂಟು. ಮಾತ್ರೆ ನಿಲ್ಲುವುದಿಲ್ಲ. ರಾತ್ರಿ ಒಂದು ಹಿಡಿ ಅನ್ನ..."

"ನೋಡಿದ್ಯಾ!" ವಿಮಲಕುಮಾರ ನಕ್ಕ. "ಹೆಂಗಸರಿಗೆ ಕರುಳು ಮೊದಲು, ವ್ರತ ಮತ್ತೆ. ಸಭೆ ಒಂದು ಕಳೀಲಿ ಮಾರಾಯ್ತಿ."

"ಅಷ್ಟರಲ್ಲಿ ಕಾಲು ಹೋದ್ರೆ?"

"ಹೋದ್ರೆ ಹೋಯ್ತು. ಮೂರು ಕಾಲಲ್ಲಿ ನಡೆಯುವ ನಾಯಿ ನೀನು ನೋಡಿಲ್ವಾ?"

ಜಿನೇಶನೂ ನಕ್ಕ. ರಾಜೀವಿ ಗಂಡನ ಮುಖ ನೋಡಿದಳು. ಮೇಲ್ತುಟಿಗೆ ಹಾಲಿನ ನೊರೆ ಅಂಟಿತ್ತು. ಅದನ್ನು ಹಾಗೇ ಬಿಟ್ಟು ಖಾಲಿ ಲೋಟಗಳನ್ನೆತ್ತಿಕೊಂಡಳು.

ಇಬ್ಬರೂ ಸಭೆಯ ತಯಾರಿಗೆಂದು ಹೊರಟರು. ಕಾರು ಗುರ್ರೆಂದದ್ದೇ ಬೊಳ್ಳು ಮಲಗಿದ್ದ ಗೋಣಿಯಲ್ಲೇ ಉಚ್ಚೆ ಹೊಯ್ದುಕೊಂಡು, ಮುಂಗಾಲುಗಳಿಂದ ನೆಲ ಕೆರೆಯುತ್ತ ಗೋಡೆಯ ಕಡೆ ಸರಿಯಲು ನೋಡಿತು.

"ಪಾಪ, ಧಣಿ ಹೋಗುವಾಗ ಅದಕ್ಕೆ ಸಂಕಟ," ಎಂದು ಜಿನೇಶ ಕಿಟಕಿಯಿಂದ ಮರುಗಿದ. ಆ ಧಣಿ ಕೈಬೀಸಿದ.

ರಾಜೀವಿ ಗೋಣಿ ಬದಲಿಸಿದಳು. ನಾಯಿಯ ಎದೆಬಡಿತ ಇಳಿಯುವ ತನಕ ಪಕ್ಕದಲ್ಲಿ ಕುಳಿತಳು. ಆಮೇಲೆ ಒಳಹೋಗಿ, ಬೆಳಕಿರುವಾಗಲೇ ತನ್ನ ಊಟ ಮುಗಿಸಿ, ಎಂದಿನಂತೆ ಅಡುಗೆಮನೆ ತೊಳೆಯಲು ನಿಂತಳು. ಅನ್ನದ ಪಾತ್ರೆ, ಸಾರಿನ ಪಾತ್ರೆ, ಸೌಟು, ಬಟ್ಟಲು ಎಲ್ಲವನ್ನೂ ಪೂವಮ್ಮ ಉಜ್ಜಿ ಕೊಟ್ಟ ಹಾಗೆ ಒಂದೊಂದಾಗಿ ಹಲಗೆಯ ಮೇಲೆ ಬೋರಲು ಹಾಕಿದಳು. ಹೊರಗೆ ಬೆಳಕು ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಆ ಬೋಗುಣಿ ತೊಳೀಲಿಕ್ಕಿಲ್ವಾ ಅಕ್ಕ? ಅದರಲ್ಲಿ ಅನ್ನ ಉಂಟು."

"ಅದು ಇರ್ಲಿ. ನೀನು ಹೊರಡು, ಬಸ್ಸು ತಪ್ಪೀತು."

ಪೂವಮ್ಮ ಹೋದಳು. ರಾಜೀವಿ ಬೋಗುಣಿಯ ಅನ್ನಕ್ಕೆ ಮಜ್ಜಿಗೆ ಹಾಕಿ, ಹತ್ತು ಗಂಟೆಯ ಮಾತ್ರೆಗೆ ಮೊದಲು ಬೊಳ್ಳುವಿಗೆ ತಿನ್ನಿಸಲೆಂದು ಬೆರಳಿನಿಂದ ನುಣ್ಣಗೆ ಹಿಸುಕಿದಳು. ಮೇಲೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಜಜ್ಜುವ ಕಲ್ಲನ್ನಿಟ್ಟು, ಅದನ್ನು ತೊಳೆದ ಪಾತ್ರೆಗಳ ನಡುವೆಯೇ ನೇರವಾಗಿ ನಿಲ್ಲಿಸಿದಳು. ಆಮೇಲೆ ಕೈ ತೊಳೆದುಕೊಂಡು ದೀಪ ಹಚ್ಚಲು ಹೋದಳು.